ಗೋಥಿಕ್ ಉಕ್ಕಿನ ಕವಚ ಕೈಯಲ್ಲೇ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

15ನೇ ಶತಮಾನದ ಜರ್ಮನ್ ಕವಚವನ್ನು ಸುತ್ತಿಗೆಯಲ್ಲಿ ಬಡಿದು ಮಾಡುತ್ತೇನೆ ಎಂದಾಗ ಕೇಳಿದವರಿಗೆಲ್ಲ ಒಂದಲ್ಲ ಒಂದು ಪ್ರಶ್ನೆ ಇರುತ್ತದೆ. ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ತಗಡು ಬಡಿಯುತ್ತಿರುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಗೋಥಿಕ್ ಕವಚ ಅಂದ್ರೆ ಯಾವುದು? ಸಿನಿಮಾದಲ್ಲಿ ಬರೋ ಕಬ್ಬಿಣದ ಅಂಗೀನಾ?

ಸಿನಿಮಾದಲ್ಲಿ ಎಲ್ಲ ಕಾಲದ್ದೂ ಬೆರೆತಿರುತ್ತದೆ. ಗೋಥಿಕ್ ಶೈಲಿ ಹೆಚ್ಚುಕಡಿಮೆ 1460ರಿಂದ 1500ರವರೆಗೆ ಜರ್ಮನ್ ಮಾತಾಡುವ ನಾಡುಗಳಲ್ಲಿ ನಡೆದದ್ದು. ಆಗ್ಸ್‌ಬರ್ಗ್, ನ್ಯೂರೆಂಬರ್ಗ್, ಲ್ಯಾಂಡ್ಸ್‌ಹಟ್, ಇನ್ಸ್‌ಬ್ರುಕ್ ಇದರ ಮುಖ್ಯ ಊರುಗಳು. ಸಣ್ಣ ಸೊಂಟ, ಉದ್ದನೆಯ ಕೈಕಾಲು, ಚೂಪಾದ ತುದಿಗಳು, ಒಂದು ಬಿಂದುವಿನಿಂದ ಹೊರಟು ಹರಡುವ ಏಣುಗೆರೆಗಳು, ಅಂದರೆ ತಗಡಿನಲ್ಲೇ ಎಬ್ಬಿಸಿದ ಉಬ್ಬುಗೆರೆಗಳು. ಇವನ್ನು ನೋಡಿದರೆ ಗುರುತು ಸಿಗುತ್ತದೆ. ತಲೆಗೆ ಹಿಂದೆ ಬಾಲದಂತೆ ಚಾಚಿದ ಸ್ಯಾಲೆಟ್ ಎಂಬ ಶಿರಸ್ತ್ರಾಣ, ಗದ್ದ ಮತ್ತು ಕುತ್ತಿಗೆಗೆ ಬೆವರ್ ಎಂಬ ಬೇರೆ ತುಂಡು.

ಅದೇ ಹೊತ್ತಿಗೆ ಇಟಲಿಯ ಮಿಲಾನ್‌ನಲ್ಲಿ ಮಾಡುತ್ತಿದ್ದ ಕವಚಗಳು ದುಂಡಗೆ, ನುಣುಪಾಗಿ, ದೊಡ್ಡ ಭುಜಪಟ್ಟಿಗಳೊಂದಿಗೆ ಇರುತ್ತಿದ್ದವು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗೊಂದಲವೇ ಇರುವುದಿಲ್ಲ.

ಆ ಗೆರೆಗಳೆಲ್ಲ ಬರೀ ಅಲಂಕಾರಕ್ಕಾ?

ಅಲಂಕಾರವೂ ಹೌದು, ಬಲವೂ ಹೌದು. ಚಪ್ಪಟೆ ತಗಡು ಕೈಯಲ್ಲೇ ಬಾಗುತ್ತದೆ. ಅದೇ ದಪ್ಪದ ಸುಕ್ಕು ತಗಡನ್ನು ಮನೆ ಮಾಡಿಗೆ ಹೊದಿಸಿದರೆ ಅದರ ಮೇಲೆ ಕಾಲಿಟ್ಟು ನಡೆಯುತ್ತೇವೆ ಅಲ್ವಾ, ಇಲ್ಲಿರುವ ಲೆಕ್ಕವೂ ಅದೇ. ಏಣು ಎಬ್ಬಿಸಿದರೆ ತೂಕ ಹೆಚ್ಚಿಸದೆ ತಗಡು ಗಡುಸಾಗುತ್ತದೆ. ಹಾಗಾಗಿ ಹಳೆಯ ಕಸುಬಿನವರು ಕೈ, ಕಾಲು, ಕೈಗವಸಿನ ಭಾಗಗಳನ್ನು ಒಂದು ಮಿ.ಮೀ. ಆಸುಪಾಸಿನಲ್ಲೂ ಮಾಡಲು ಸಾಧ್ಯವಾಯಿತು.

ಏಣುಗಳು ಕತ್ತಿಯ ಮೊನೆಯನ್ನು ಜಾರಿಸುತ್ತವೆ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೊನೆ ಜಾರಿಸುವುದು ಮುಖ್ಯವಾಗಿ ಎದೆಗವಚದ ಒಟ್ಟು ಉಬ್ಬು. ಆ ಉಬ್ಬು ಸರಿಯಿಲ್ಲದೆ ಗೆರೆ ಎಷ್ಟಿದ್ದರೂ ಪ್ರಯೋಜನವಿಲ್ಲ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಆಕಾರ ಮೊದಲು, ಏಣು ಆಮೇಲೆ.

ತೂಕ ಎಷ್ಟಿರುತ್ತೆ? ಕುದುರೆ ಹತ್ತಿಸೋಕೆ ಕ್ರೇನ್ ಬೇಕಿತ್ತಂತೆ, ನಿಜಾನಾ?

ಸುಳ್ಳು. ಯುದ್ಧದ ಪೂರ್ತಿ ಕವಚ ಸಾಮಾನ್ಯವಾಗಿ 20ರಿಂದ 25 ಕೆ.ಜಿ. ಆ ತೂಕ ಹೆಗಲ ಮೇಲಷ್ಟೇ ಬೀಳುವುದಿಲ್ಲ, ಮೈಯೆಲ್ಲ ಹಂಚಿಹೋಗುತ್ತದೆ. ಅಳತೆಗೆ ಸರಿಯಾಗಿ ಮಾಡಿದ ಕವಚ ಹಾಕಿಕೊಂಡು ಓಡಬಹುದು, ಬಿದ್ದರೆ ತಾನೇ ಏಳಬಹುದು, ಕುದುರೆಯನ್ನೂ ಹತ್ತಬಹುದು. ಬೇಗ ಸುಸ್ತಾಗುವುದಂತೂ ನಿಜ. ಕಾಲಿಗೆ ಕಟ್ಟಿದ ತೂಕವನ್ನು ಪ್ರತಿ ಹೆಜ್ಜೆಗೂ ಎತ್ತಬೇಕು, ಒಳಗೆ ಸೆಕೆಯೂ ಜಾಸ್ತಿ. ಪಂದ್ಯದ ಭರ್ಜಿ ಆಟಕ್ಕೆಂದೇ ಮಾಡಿದ ಕವಚಗಳು ಇದಕ್ಕಿಂತ ಬಹಳ ಭಾರ ಇರುತ್ತಿದ್ದವು. ಅವನ್ನು ಯುದ್ಧಕ್ಕೆ ತೊಡುತ್ತಿರಲಿಲ್ಲ.

ಮ್ಯಾಕ್ಸಿಮಿಲಿಯನ್ ಕವಚ ಅಂತಾರಲ್ಲ, ಅದೂ ಇದೂ ಒಂದೇನಾ?

ಅಲ್ಲ. ಅದು ಮುಂದಿನ ತಲೆಮಾರು, ಸುಮಾರು 1500ರಿಂದ 1530ರವರೆಗಿನದು. ಅದರಲ್ಲಿ ಏಣುಗಳು ಒತ್ತೊತ್ತಾಗಿ, ಸಾಲು ಸಾಲಾಗಿ, ಸಮಾನ ಅಂತರದಲ್ಲಿ ಇರುತ್ತವೆ. ಎದೆ ದುಂಡಗೆ ಉಬ್ಬಿರುತ್ತದೆ. ಮೊಣಕಾಲಿನ ಕೆಳಗಿನ ಕವಚ ಮಾತ್ರ ಸಾಮಾನ್ಯವಾಗಿ ನುಣುಪು. ಗೋಥಿಕ್‌ನಲ್ಲಿ ಏಣು ಕಡಿಮೆ, ಖಾಲಿ ಜಾಗ ಹೆಚ್ಚು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಯುವಕನಾಗಿದ್ದಾಗ ತೊಟ್ಟದ್ದು ಗೋಥಿಕ್ ಕವಚವೇ, ಹಾಗಾಗಿ ಗೊಂದಲ ಜಾಸ್ತಿ.

ನಮ್ಮ ಕಡೆ ಇಂಥದ್ದು ಇರ್ಲಿಲ್ವಾ?

ಮೈಯನ್ನೆಲ್ಲ ಉಕ್ಕಿನ ಹಲಗೆಯಲ್ಲೇ ಮುಚ್ಚುವ ಪದ್ಧತಿ ಇಲ್ಲಿ ಬೆಳೆಯಲಿಲ್ಲ. ಭಾರತದಲ್ಲಿ ಬಳಕೆಯಲ್ಲಿದ್ದದ್ದು ಬಳೆ ಬಳೆ ಹೆಣೆದ ಕವಚ, ಅದರ ನಡುವೆ ಸೇರಿಸಿದ ಉಕ್ಕಿನ ಪಟ್ಟಿಗಳು, ಹತ್ತಿ ತುಂಬಿ ಹೊಲಿದ ಅಂಗಿಗಳು. ಮೊಗಲರ ಕಾಲದ ಚಾರ್ ಆಯಿನಾದಲ್ಲಿ ಎದೆ, ಬೆನ್ನು ಮತ್ತು ಎರಡು ಪಕ್ಕೆಗೆ ನಾಲ್ಕು ಹಲಗೆಗಳನ್ನು ಕಟ್ಟುತ್ತಿದ್ದರು. ಅದನ್ನು ಮಾಡುವುದೂ ದೊಡ್ಡ ಕಸುಬೇ. ಆದರೆ ಅದರ ಸವಾಲುಗಳು ಬೇರೆ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ನಿಜವಾದ ಕವಚ ಎಲ್ಲಿ ನೋಡೋಕೆ ಸಿಗುತ್ತೆ?

ನಿಮ್ಮವರು ಯಾರಾದರೂ ಯುರೋಪಿನಲ್ಲಿದ್ದು ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಮೊದಲ ಹೆಸರು ವಿಯೆನ್ನಾ. ಅಲ್ಲಿನ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂನ ಆಯುಧ ಸಂಗ್ರಹ ನೋಯೆ ಬುರ್ಗ್ ಅರಮನೆಯಲ್ಲಿದೆ. ಆಗ್ಸ್‌ಬರ್ಗಿನ ಲೊರೆನ್ಸ್ ಹೆಲ್ಮ್‌ಷ್ಮಿಡ್ 1480ರ ಸುಮಾರಿಗೆ ಮ್ಯಾಕ್ಸಿಮಿಲಿಯನ್‌ಗೆ ಮಾಡಿದ ಕವಚ, 1484ರ ಸುಮಾರಿಗೆ ಟಿರೋಲ್‌ನ ಆರ್ಚ್‌ಡ್ಯೂಕ್ ಸಿಗಿಸ್ಮಂಡ್‌ಗೆ ಮಾಡಿದ ಕವಚ, ಎರಡೂ ಅಲ್ಲಿವೆ. ಸಿಗಿಸ್ಮಂಡ್‌ನ ಕವಚಕ್ಕಿಂತ ಚೆಂದದ ಗೋಥಿಕ್ ಕೆಲಸ ನನಗೆ ಗೊತ್ತಿಲ್ಲ. ಲಂಡನ್ನಿನ ವಾಲೇಸ್ ಕಲೆಕ್ಷನ್‌ನಲ್ಲಿ ಸವಾರ ಮತ್ತು ಕುದುರೆ ಇಬ್ಬರಿಗೂ ಕವಚ ಹಾಕಿ ನಿಲ್ಲಿಸಿದ್ದಾರೆ, ಲ್ಯಾಂಡ್ಸ್‌ಹಟ್‌ನ ಕೆಲಸ, 1480ರ ಸುಮಾರಿನದು. ಪ್ರವೇಶ ಉಚಿತ. ಇನ್ನು ಇಟಲಿಯ ಉತ್ತರದ ತುದಿಯ ಚುರ್ಬುರ್ಗ್ ಕೋಟೆಯಲ್ಲಿ ಒಂದೇ ಮನೆತನದ ಕವಚಗಳು ಅದೇ ಕೋಟೆಯಲ್ಲಿ ಉಳಿದಿವೆ.

ಹೋದರೆ ಮುಂದಿನಿಂದ ಫೋಟೊ ತೆಗೆದು ಬರಬೇಡಿ. ಪಕ್ಕದಿಂದ, ಹಿಂದಿನಿಂದ, ಸಂದಿಯಲ್ಲಿ ಒಳಮೈ ಕಾಣಿಸಿದರೆ ಅಲ್ಲಿಂದ ನೋಡಿ. ಒಳಗಡೆ ಸುತ್ತಿಗೆ ಗುರುತುಗಳು ಹಾಗೇ ಇರುತ್ತವೆ. ನಮಗೆ ಪಾಠ ಇರುವುದು ಅಲ್ಲೇ.

## ಶುರು ಮಾಡುವ ಮುನ್ನ

ನಂಗೆ ಕಬ್ಬಿಣದ ಕೆಲಸ ಏನೂ ಗೊತ್ತಿಲ್ಲ. ಯಾವ ತುಂಡಿನಿಂದ ಶುರು ಮಾಡ್ಲಿ?

ಮೊಣಕಾಲಿನ ಚಿಪ್ಪಿನಿಂದ. ಏಣು ಬೇಡ, ರೆಕ್ಕೆ ಬೇಡ, ಸುಮ್ನೆ ಒಂದು ನುಣುಪಾದ ಬಟ್ಟಲಿನ ಆಕಾರ. ಅದು ಸರಿಯಾಗಿ ಬಂದ ಮೇಲೆ ಮೊಣಕೈ, ಆಮೇಲೆ ತೊಡೆ ಮತ್ತು ಭುಜ. ಎದೆಗವಚ ಅದರ ನಂತರ. ಕೈಗವಸು ಮತ್ತು ಶಿರಸ್ತ್ರಾಣ ಎಲ್ಲಕ್ಕಿಂತ ಕೊನೆಗೆ. ಎಲ್ಲರಿಗೂ ಶಿರಸ್ತ್ರಾಣವೇ ಮೊದಲು ಬೇಕು, ಆಸೆ ಅರ್ಥವಾಗುತ್ತದೆ. ಆದರೆ ಒಂದೇ ಹಲಗೆಯಿಂದ ಸ್ಯಾಲೆಟ್ ಎಬ್ಬಿಸಲು ಹೋಗಿ ಅರ್ಧದಲ್ಲಿ ತಗಡು ಹರಿದರೆ ಅಲ್ಲಿಗೇ ಕೆಲಸ ಬಿಟ್ಟವರು ಬಹಳ ಜನ.

ನಿಮ್ಮ ಊರಿನ ಗ್ಯಾರೇಜಿನಲ್ಲಿ ಒಳ್ಳೆಯ ಟಿಂಕರಿಂಗ್ ಮಾಡುವವರು ಇದ್ದರೆ ಅವರ ಪಕ್ಕ ಕೂತು ನೋಡಿ. ಕಾರಿನ ಬಾಗಿಲ ಹೊಂಡ ಎತ್ತಿ, ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಮುಂದೆ ಸುತ್ತಿಗೆಯಲ್ಲಿ ತಟ್ಟಿ ಮಟ್ಟ ಮಾಡುತ್ತಾರಲ್ಲ, ಕವಚದ ಕೆಲಸದಲ್ಲಿ ಅರ್ಧ ಭಾಗ ಅದೇ ಕೈಚಳಕ. ತಗಡು ಎಲ್ಲಿ ಎಳೆದಿದೆ, ಎಲ್ಲಿ ಸಡಿಲ ಇದೆ ಎಂದು ಅವರು ಅಂಗೈ ಸವರಿ ಹೇಳುತ್ತಾರೆ. ಅದನ್ನು ನೀವೂ ಕಲಿಯಬೇಕು.

ಯಾವ ಶೀಟ್ ತಗೋಬೇಕು? ಎಷ್ಟು ಗೇಜ್?

ಕಲಿಯುವಾಗ ಸಾಮಾನ್ಯ ಸಿ.ಆರ್. ಶೀಟ್ (ಕೋಲ್ಡ್ ರೋಲ್ಡ್, ತಣ್ಣಗೇ ಒತ್ತಿ ತೆಳು ಮಾಡಿದ ಉಕ್ಕಿನ ತಗಡು) ಸಾಕು. ಎದೆಗೆ ಮತ್ತು ಶಿರಸ್ತ್ರಾಣಕ್ಕೆ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ಕೈಕಾಲಿಗೆ 18 ಗೇಜ್, ಸುಮಾರು 1.2 ಮಿ.ಮೀ. ಕೈಗವಸಿನ ಬೆರಳಿನ ಚಿಪ್ಪುಗಳಿಗೆ 20 ಗೇಜ್ ಆಗುತ್ತದೆ. 14 ಗೇಜ್ ತಂದು ಹೊಸಬರು ಕೈ ನೋಯಿಸಿಕೊಳ್ಳುತ್ತಾರೆ, ಅಷ್ಟು ದಪ್ಪ ಬೇಡ. ಅಂಗಡಿಯಲ್ಲಿ ಗೇಜ್ ಹೇಳಿದರೂ ವರ್ನಿಯರ್‌ನಲ್ಲಿ ಒಮ್ಮೆ ಅಳೆದು ತನ್ನಿ.

ಈ ಶೀಟಿನಲ್ಲಿ ಇಂಗಾಲ ಬಹಳ ಕಡಿಮೆ, ಹಾಗಾಗಿ ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಹದ ಹಾಕಬೇಕೆಂದರೆ ಸುಮಾರು 0.5 ಶೇಕಡಾ ಇಂಗಾಲವಿರುವ ಉಕ್ಕಿನ ಶೀಟ್ ಬೇಕು. ಅದು ಎರಡನೇ ಅಥವಾ ಮೂರನೇ ಕವಚಕ್ಕೆ ಇರಲಿ.

ಮನೇಲಿ ಹಳೇ ಜಿ.ಐ. ಶೀಟ್ ಬಿದ್ದಿದೆ, ಅದ್ರಲ್ಲೇ ಮಾಡ್ಲಾ?

ಬೇಡವೇ ಬೇಡ. ಅದರ ಮೇಲೆ ಸತುವಿನ ಲೇಪ ಇರುತ್ತದೆ. ಕಾಯಿಸಿದರೆ ಬರುವ ಬಿಳಿ ಹೊಗೆ ಉಸಿರಿಗೆ ಹೋದರೆ ಚಳಿ ಜ್ವರ, ಎದೆ ಬಿಗಿತ ಬರುತ್ತದೆ. ಸತು ಹಚ್ಚಿದ ಬೋಲ್ಟು, ರಿವೆಟ್ಟುಗಳಿಗೂ ಇದೇ ಮಾತು.

ಏನೇನು ಸಾಮಾನು ಬೇಕು?

ಅಂದುಕೊಂಡಷ್ಟು ಬೇಡ. ದುಂಡು ಮುಖದ ಒಂದು ಸುತ್ತಿಗೆ, ಚಪ್ಪಟೆ ಮುಖವನ್ನು ಕನ್ನಡಿಯಷ್ಟು ನುಣುಪು ಮಾಡಿದ ಇನ್ನೊಂದು, ಉದ್ದ ಮೂತಿಯ ಮೂರನೆಯದು. ಹೊಂಡ ಕೊರೆದ ಒಂದು ಮರದ ದಿಮ್ಮಿ, ಹುಣಸೆ ಮರವಾದರೆ ತುಂಬ ಕಾಲ ಬಾಳುತ್ತದೆ. ಗಟ್ಟಿ ವೈಸ್. ವೈಸಿನಲ್ಲಿ ಕಚ್ಚಿಸಲು ಬೇರೆ ಬೇರೆ ತುದಿಯ ಕಬ್ಬಿಣದ ಗೂಟಗಳು: ಒಂದು ಚೆಂಡಿನಂತೆ ದುಂಡು, ಒಂದು ಅರೆದುಂಡು, ಒಂದು ಮೊಂಡು ಏಣಿನದು. ಗುಜರಿಯಲ್ಲಿ ಸಿಗುವ ರೈಲು ಹಳಿ ತುಂಡು, ಲಾರಿ ಆಕ್ಸಲ್, ಟ್ರೈಲರಿನ ಬಾಲ್ ಇವನ್ನೇ ಉಜ್ಜಿ ಗೂಟ ಮಾಡಿಕೊಳ್ಳಬಹುದು. ತಗಡು ಕತ್ತರಿ, ಅರಗಳು, ಡ್ರಿಲ್, ಕಾಯಿಸಲು ಗ್ಯಾಸ್ ಟಾರ್ಚ್.

ಸುತ್ತಿಗೆ ಮುಖದ ಮೇಲೆ ಒಂದು ಗೀರು ಇದ್ದರೂ ಅದು ಪ್ರತಿ ಏಟಿಗೂ ಕವಚದ ಮೇಲೆ ಅಚ್ಚಾಗುತ್ತದೆ. ಹೊಸ ಸಾಮಾನು ಕೊಳ್ಳುವ ದುಡ್ಡಿಗಿಂತ ಇರುವ ಸುತ್ತಿಗೆ ಪಾಲಿಶ್ ಮಾಡುವ ಸಮಯ ಮುಖ್ಯ. ಕಿವಿಗೆ ಮಫ್ ಮತ್ತು ಕಣ್ಣಿಗೆ ಕನ್ನಡಕ ಇಲ್ಲದೆ ಒಂದು ಏಟೂ ಹಾಕಬೇಡಿ. ಒಮ್ಮೆ ಹೋದ ಕಿವಿ ವಾಪಸ್ ಬರುವುದಿಲ್ಲ.

ಅಳತೆ ಹೇಗೆ ತಗೊಳ್ಳೋದು? ಷರಟಿನ ಅಳತೆ ಸಾಕಾ?

ಸಾಲದು. ಮೊದಲು ಒಳಗೆ ಹಾಕುವ ದಪ್ಪ ಬಟ್ಟೆಯ ಅಂಗಿ ಹೊಲಿಸಿ. ಕೈ ಮತ್ತು ಕಾಲಿನ ಕವಚವನ್ನು ದಾರಗಳಿಂದ ಅದಕ್ಕೇ ಕಟ್ಟುತ್ತೇವೆ, ಹಾಗಾಗಿ ಅದು ಮೈಗೆ ಬಿಗಿಯಾಗಿ ಕೂರಬೇಕು. ಅದನ್ನು ಹಾಕಿಕೊಂಡೇ ಅಳತೆ ತೆಗೆಯಿರಿ. ಆಮೇಲೆ ದಪ್ಪ ರಟ್ಟಿನಲ್ಲಿ ಪ್ರತಿ ತುಂಡನ್ನೂ ಕತ್ತರಿಸಿ, ಪಿನ್ನು ಹಾಕಿ ಸೇರಿಸಿ, ಮೈಮೇಲೆ ಕಟ್ಟಿಕೊಂಡು ಕೂರಿ, ಬಗ್ಗಿ, ಕೈ ಎತ್ತಿ.

ಎದೆಗವಚದ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಉದ್ದದಲ್ಲಿ. ಅದರ ಕೆಳಗಿನ ಅಂಚು ಬೆಲ್ಟು ಕಟ್ಟುವ ಜಾಗಕ್ಕೆ ಬರಬಾರದು. ಪಕ್ಕಕ್ಕೆ ವಾಲಿದಾಗ ಮೈ ಎಲ್ಲಿ ಮಡಚುತ್ತದೋ ಅಲ್ಲಿಗೆ, ಅಂದರೆ ಸೊಂಟದ ಮೂಳೆಗಿಂತ ಸಾಕಷ್ಟು ಮೇಲೆ ನಿಲ್ಲಬೇಕು. ಅಲ್ಲಿಂದ ಕೆಳಗೆ ಪಟ್ಟಿ ಪಟ್ಟಿಯ ಲಂಗ ಶುರುವಾಗುತ್ತದೆ. ಎದೆಗವಚ ಉದ್ದವಾದರೆ ಕೂತಾಗ ಅದು ಮೇಲಕ್ಕೆ ತಳ್ಳಿ ಗಂಟಲಿಗೆ ಒತ್ತುತ್ತದೆ. ನೋಡಲೂ ಡಬ್ಬದಂತಿರುತ್ತದೆ.

ಅಪಾರ್ಟ್‌ಮೆಂಟಲ್ಲಿ ಇದ್ದೀನಿ, ಮಾಡಬಹುದಾ?

ರಟ್ಟಿನ ನಮೂನೆ, ಅರ ಹಾಕುವುದು, ಚರ್ಮದ ಪಟ್ಟಿ, ಪಾಲಿಶ್ ಇಷ್ಟು ಮಾಡಬಹುದು. ಬಡಿಯುವುದಕ್ಕೆ ಬೇರೆ ಜಾಗ ನೋಡಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಭಾನುವಾರ ಒಂದು ಮೂಲೆ ಕೊಡುವ ಸಣ್ಣ ವರ್ಕ್‌ಶಾಪ್ ಸಿಕ್ಕರೆ ಅದೇ ಒಳ್ಳೆಯದು.

## ಸುತ್ತಿಗೆ ಹಿಡಿದ ಮೇಲೆ

ಬಟ್ಟಲು ಮಾಡುವಾಗ ಅಂಚಲ್ಲಿ ಸುಕ್ಕು ಬೀಳುತ್ತೆ, ನಡುವೆ ತೆಳ್ಳಗಾಗುತ್ತೆ. ಏನ್ ಮಾಡ್ಲಿ?

ನೀವು ಬರೀ ಒಳಗಿನಿಂದ ಬಡಿಯುತ್ತಿದ್ದೀರಿ. ಮರದ ಹೊಂಡದ ಮೇಲಿಟ್ಟು ಒಳಗೆ ಬಡಿದರೆ ಲೋಹ ಹಿಗ್ಗುತ್ತದೆ, ನಡುವೆ ತೆಳ್ಳಗಾಗುತ್ತದೆ. ಕಡಿಮೆ ಆಳಕ್ಕೆ ಇದು ಸಾಕು. ಆಳ ಬೇಕಾದರೆ ಇನ್ನೊಂದು ದಾರಿ ಹಿಡಿಯಬೇಕು: ದುಂಡು ಗೂಟದ ಮೇಲೆ ತಗಡು ಇಟ್ಟು, ಹೊರಗಿನಿಂದ ಸುತ್ತು ಸುತ್ತಾಗಿ ಅಂಚಿನ ಕಡೆಗೆ ಬಡಿಯುತ್ತ ಹೋಗುವುದು. ಆಗ ಲೋಹ ಕುಗ್ಗಿ ಅಂಚು ದಪ್ಪವಾಗುತ್ತದೆ. ನಮ್ಮ ತಾಮ್ರದ ಬಿಂದಿಗೆ ಮಾಡುವವರ ವಿದ್ಯೆಯೂ ಇದೇ.

ಸುಕ್ಕು ಕಂಡ ಕೂಡಲೇ ಅದನ್ನು ಗೂಟದ ಮೇಲೆ ತಟ್ಟಿ ಒಳಗೆ ಸೇರಿಸಿ. ಮಡಿಕೆ ಬೀಳಲು ಬಿಟ್ಟರೆ ಅಲ್ಲೇ ಹರಿಯುತ್ತದೆ. ತಣ್ಣಗೆ ಬಡಿದಂತೆ ಉಕ್ಕು ಬಿರುಸಾಗುತ್ತದೆ, ಸುತ್ತಿಗೆಯ ಸದ್ದು ಟಣ್ ಎಂದು ಏರುತ್ತದೆ. ಆಗ ನಿಲ್ಲಿಸಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ನಿಧಾನ ಆರಲು ಬಿಡಿ. ಮತ್ತೆ ಮೆತ್ತಗಾಗುತ್ತದೆ.

ಏಣು ಹೊಡೆಯೋದು ಹೇಗೆ? ಇದೊಂದನ್ನ ಬಿಡಿಸಿ ಹೇಳಿ.

ತುಂಡಿನ ಆಕಾರ ಪೂರ್ತಿ ಮುಗಿದಿರಬೇಕು, ಮೈ ನುಣುಪಾಗಿರಬೇಕು. ಆಮೇಲೆ ಗೆರೆ ಹಾಕಿ. ಮೊದಲು ನಡುವಿನ ಗೆರೆ, ಆಮೇಲೆ ಎರಡು ಪಕ್ಕದ ಜೋಡಿಗಳು. ಬಾಗಿದ ಮೈಮೇಲೆ ಕಣ್ಣಂದಾಜು ಮೋಸ ಮಾಡುತ್ತದೆ, ತೆಳ್ಳನೆಯ ಬಾಗುವ ಪಟ್ಟಿ ಇಟ್ಟು ಎಳೆಯಿರಿ. ಅದೇ ಗೆರೆಯನ್ನು ಕೈವಾರದಲ್ಲಿ ಅಳೆದು ಒಳಮೈಗೂ ದಾಟಿಸಿ. ತುಂಡನ್ನು ಕಟ್ಟಿಕೊಂಡು ಕನ್ನಡಿ ಮುಂದೆ ನಿಂತು ನೋಡಿ. ಈ ಹೊತ್ತಿಗೆ ಅಳಿಸುವುದು ಸುಲಭ.

ಮೊದಲ ಸುತ್ತು ಒಳಗಿನಿಂದ. ಗಟ್ಟಿ ಮರದಲ್ಲಿ ಒಂದು ಕಾಲುವೆ ಕೊರೆದು, ಅದರ ಮೇಲೆ ತುಂಡನ್ನು ಹೊರಮೈ ಕೆಳಗಾಗಿ ಇಟ್ಟು, ಮೊಂಡು ಮೂತಿಯ ಸುತ್ತಿಗೆಯಲ್ಲಿ ಗೆರೆಯುದ್ದಕ್ಕೂ ಸಣ್ಣ ಸಣ್ಣ ಏಟು. ಒಂದು ಏಟಿನ ಮೇಲೆ ಇನ್ನೊಂದು ಅರ್ಧ ಹತ್ತಬೇಕು. ಒಂದೇ ಏಣನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಎತ್ತಿ, ಮತ್ತೆ ಮೊದಲಿನಿಂದ ಬನ್ನಿ. ಇಲ್ಲದಿದ್ದರೆ ತುಂಡು ಒಂದು ಕಡೆಗೆ ತಿರುಚುತ್ತದೆ.

ಇಷ್ಟಾದಾಗ ಏಣು ಮಂದವಾಗಿ, ಊದಿಕೊಂಡಂತೆ ಕಾಣುತ್ತದೆ. ಬೇಸರ ಬೇಡ. ಚೂಪು ಬರುವುದು ಎರಡನೇ ಸುತ್ತಿನಲ್ಲಿ, ಹೊರಗಿನಿಂದ. ಮೊಂಡು ಏಣಿನ ಗೂಟವನ್ನು ಒಳಗಿನಿಂದ ಏಣಿಗೆ ಸರಿಯಾಗಿ ಆನಿಸಿ, ಹೊರಗೆ ಎರಡೂ ಬದಿಯ ಇಳಿಜಾರನ್ನು ಕಿರಿದಾದ ಮುಖದ ಸುತ್ತಿಗೆಯಲ್ಲಿ ಕೆಳಗೆ ಕೂರಿಸಿ. ನೆತ್ತಿಯ ಮೇಲೆ ಏಟು ಬೀಳಬಾರದು. ಪಕ್ಕಗಳು ಇಳಿದಾಗ ನೆತ್ತಿ ತಾನೇ ಎದ್ದು ನಿಲ್ಲುತ್ತದೆ. 18 ಗೇಜ್‌ನಲ್ಲಿ ತಣ್ಣಗೇ ಮಾಡಬಹುದು. 16ರಲ್ಲಿ ಟಾರ್ಚ್ ಹಿಡಿದು ಗೆರೆಯಷ್ಟನ್ನೇ ಕೆಂಪಗೆ ಮಾಡಿಕೊಂಡರೆ ಕೈಗೆ ಸುಲಭ.

ಜೀವ ಬರುವುದು ಏಣು ಸಾಯುವ ಜಾಗದಲ್ಲಿ. ಹುಟ್ಟಿದಲ್ಲಿ ಆಳ, ಹೋಗುತ್ತ ಹೋಗುತ್ತ ತೆಳ್ಳಗೆ, ಕೊನೆಗೆ ಮೈಯಲ್ಲಿ ಕರಗಿಹೋಗಬೇಕು. ಉದ್ದಕ್ಕೂ ಒಂದೇ ಆಳ ಇಟ್ಟರೆ ಯಂತ್ರದಲ್ಲಿ ಒತ್ತಿದಂತೆ ಕಾಣುತ್ತದೆ. ಮತ್ತೆ, ಗೆರೆ ಕಡಿಮೆ ಇರಲಿ. ಎಷ್ಟೋ ಹಳೆಯ ಎದೆಗವಚಗಳಲ್ಲಿ ಮೇಲಿನ ಅರ್ಧ ನುಣುಪಾಗಿಯೇ ಇದೆ.

ಏಣು ಹೊಡೆದ ಮೇಲೆ ತುಂಡು ಚಿಕ್ಕದಾಗೋಯ್ತು, ಅಳತೆ ತಪ್ಪಿದೆ!

ಆಗಲೇಬೇಕು. ಪ್ರತಿ ಏಣೂ ಪಕ್ಕದ ಲೋಹವನ್ನು ಎಳೆದುಕೊಳ್ಳುತ್ತದೆ, ತುಂಡಿನ ಅಗಲ ಕಮ್ಮಿಯಾಗುತ್ತದೆ. ಹಾಗಾಗಿ ಅಂಚು ಕತ್ತರಿಸುವ ಕೆಲಸವನ್ನು ಏಣು ಮುಗಿದ ಮೇಲೆ ಇಟ್ಟುಕೊಳ್ಳಿ. ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಅದೇ ಗೇಜಿನ ಚೂರಿನಲ್ಲಿ ಅದೇ ಆಳದ ಮೂರು ಏಣು ಹೊಡೆದು, ಮೊದಲು ಮತ್ತು ಆಮೇಲೆ ಅಳೆಯಿರಿ. ಆ ಚೂರನ್ನು ಎತ್ತಿಡಿ, ಮುಂದೆ ಪ್ರತಿ ಸಲ ಬೇಕಾಗುತ್ತದೆ.

ಮೊಣಕಾಲು ಮಡಚುವಾಗ ಪಟ್ಟಿಗಳು ಸಿಕ್ಕಿಹಾಕ್ಕೊಳ್ತವೆ. ಯಾಕೆ?

ರಿವೆಟ್ ತೂತಿನ ಜಾಗ ತಪ್ಪಿದೆ, ಇಲ್ಲವೇ ಪಟ್ಟಿಗಳ ಬಾಗು ಒಂದಕ್ಕೊಂದು ಹೊಂದಿಲ್ಲ. ಎರಡೂ ಬದಿಯ ರಿವೆಟ್‌ಗಳು ಒಂದೇ ನೇರದಲ್ಲಿ ಇರಬೇಕು. ಮೊದಲು ರಟ್ಟಿನಲ್ಲಿ, ಆಮೇಲೆ ಸಣ್ಣ ಬೋಲ್ಟು ನಟ್ಟು ಹಾಕಿ ಉಕ್ಕಿನಲ್ಲಿ ಆಡಿಸಿ ನೋಡಿ. ರಿವೆಟ್ ಬಡಿಯುವುದು ಎಲ್ಲಕ್ಕಿಂತ ಕೊನೆಗೆ. ಬಡಿಯುವಾಗ ಎರಡು ತಗಡಿನ ನಡುವೆ ಒಂದು ಪದರ ಕಾಗದ ಇಟ್ಟು, ಆಮೇಲೆ ಕಿತ್ತು ತೆಗೆದರೆ ಆಡಲು ಬೇಕಾದಷ್ಟೇ ಸಡಿಲ ಉಳಿಯುತ್ತದೆ.

ಭುಜಕ್ಕೆ ಇಷ್ಟು ಸಾಲದು, ಅಲ್ಲಿ ಚಲನೆ ಎಲ್ಲ ದಿಕ್ಕಿಗೂ ಇದೆ. ಪಟ್ಟಿಗಳನ್ನು ಒಳಗೆ ಚರ್ಮದ ಪಟ್ಟಿಗೆ ರಿವೆಟ್ ಮಾಡಿ. ಒಂದು ಬದಿಯಲ್ಲಿ ಉದ್ದ ಸೀಳು ಬಿಟ್ಟು ಜಾರುವ ರಿವೆಟ್ ಹಾಕುವ ಪದ್ಧತಿಯೂ ಇದೆ.

ಪಾಲಿಶ್ ಮಾಡಿದ್ಮೇಲೆ ಏಣೆಲ್ಲ ಸವೆದು ಮೊಂಡಾಯ್ತು.

ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ (ಎಮರಿ ಪಟ್ಟಿಗಳ ಚಕ್ರ) ಹಾಕಿ ಅಡ್ಡಡ್ಡ ಹೊಡೆದಿದ್ದೀರಿ. ಏಣಿನ ಜಾಗದಲ್ಲಿ ಯಂತ್ರ ಬೇಡ. ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ಏಣಿನ ಉದ್ದಕ್ಕೇ ಉಜ್ಜಿ. 120, 220, 400 ಹೀಗೆ ಹೋಗಿ. ಪೂರ್ತಿ ಕನ್ನಡಿ ಹೊಳಪು ಬೇಕೇಬೇಕು ಎಂದಿಲ್ಲ. ಸ್ವಲ್ಪ ಮಂದ ಹೊಳಪಿನಲ್ಲಿ ನೆರಳು ಬೆಳಕು ಚೆನ್ನಾಗಿ ಕಾಣುತ್ತದೆ. ಆ ಕಾಲದಲ್ಲಿ ಪಾಲಿಶ್ ಮಾಡುವವರೇ ಬೇರೆ ಕಸುಬಿನವರು, ಅವರ ಕಲ್ಲುಗಳು ನೀರಿನ ಬಲದಿಂದ ತಿರುಗುತ್ತಿದ್ದವು.

## ಇನ್ನೂ ಆಳಕ್ಕೆ

ಹದ ಹಾಕಲೇಬೇಕಾ? ಹಾಕಿದ್ರೆ ಸೊಟ್ಟಗಾಗಲ್ವಾ?

ಗೋಡೆಗೆ ನಿಲ್ಲಿಸುವ ಕವಚಕ್ಕೆ ಬೇಡ. ತೊಟ್ಟು ಆಡುವುದಾದರೆ ಹದ ಹಾಕಿದ ತೆಳು ಕವಚ ಹದವಿಲ್ಲದ ದಪ್ಪ ಕವಚಕ್ಕಿಂತ ಎಷ್ಟೋ ಮೇಲು. ಇನ್ಸ್‌ಬ್ರುಕ್ ಮತ್ತು ಆಗ್ಸ್‌ಬರ್ಗಿನ ಒಳ್ಳೆಯ ಕೆಲಸಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನ್ನು ಕಾಯಿಸಿ, ಅದ್ದಿ, ಮತ್ತೆ ಕಾಯಿಸಿ ಹದ ಮಾಡಿದ್ದು ಗೊತ್ತಾಗಿದೆ. ಅವರ ಬಳಿ ಥರ್ಮಾಮೀಟರ್ ಇರಲಿಲ್ಲ, ಉಕ್ಕಿನಲ್ಲಿ ಕಿಟ್ಟ ಬೆರೆತಿರುತ್ತಿತ್ತು, ಇಂಗಾಲ ಎಲ್ಲ ಕಡೆ ಒಂದೇ ಸಮ ಇರುತ್ತಿರಲಿಲ್ಲ. ಆದರೂ ಮಾಡಿದರು.

ಮಧ್ಯಮ ಇಂಗಾಲದ ಉಕ್ಕಾದರೆ 820ರಿಂದ 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಸುಮಾರು 770 ಡಿಗ್ರಿಗೆ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ, ಅದಕ್ಕಿಂತ ಸ್ವಲ್ಪ ಮೇಲೆ ಹೋಗಬೇಕು. ಅದ್ದಿದ ತುಂಡು ಗಾಜಿನಷ್ಟು ಬಿರುಸು, ಬೀಳಿಸಿದರೆ ಬಿರುಕು ಬಿಡಬಹುದು. ಕೂಡಲೇ ಮತ್ತೆ ಕಾಯಿಸಿ. ಹೊಳಪು ಮಾಡಿದ ಜಾಗದಲ್ಲಿ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಗೆ ನೀಲಿ ಬರುತ್ತದೆ. ಕವಚಕ್ಕೆ ನೀಲಿ ಅಥವಾ ಅದನ್ನು ದಾಟಿದ ಬೂದು ಸರಿ.

ಸೊಟ್ಟಗಾಗುವುದು ನಿಜ. ಅಗಲವಾದ ಚಪ್ಪಟೆ ಜಾಗಗಳೇ ಹೆಚ್ಚು ತಿರುಚುತ್ತವೆ, ಏಣು ಇರುವ ಕಡೆ ಕಡಿಮೆ. ತೂತುಗಳು, ಅಂಚುಗಳು, ಜೋಡಣೆ ಎಲ್ಲ ಮುಗಿಸಿ, ರಿವೆಟ್ ಬಿಚ್ಚಿ, ಬಿಡಿ ಬಿಡಿಯಾಗಿ ಹದ ಹಾಕಿ. ಎಣ್ಣೆಗೆ ಲೋಹದ ಡ್ರಮ್, ಅದಕ್ಕೆ ಮುಚ್ಚಳ, ಪಕ್ಕದಲ್ಲಿ ಮರಳು. ಒಬ್ಬರೇ ಇದ್ದಾಗ ಈ ಕೆಲಸ ಮಾಡಬೇಡಿ.

ಎದೆಗವಚ ಎರಡು ತುಂಡು ಯಾಕೆ? ಒಂದೇ ಮಾಡಿದ್ರೆ ಆಗಲ್ವಾ?

ಆಗುತ್ತದೆ, ಆ ಕಾಲದಲ್ಲೂ ಮಾಡಿದ್ದಾರೆ. ಆದರೆ ಮೇಲಿನ ತುಂಡಿನ ಮೇಲೆ ಕೆಳಗಿನದು ಹತ್ತಿಕೊಂಡು, ನಡುವೆ ಒಂದು ರಿವೆಟ್ ಅಥವಾ ಪಟ್ಟಿಯಿಂದ ಸೇರಿದಾಗ ಮುಂದಕ್ಕೆ ಬಾಗಲು ಸಲೀಸು. ಹೊಟ್ಟೆಯ ಮೇಲೆ ಉಕ್ಕು ಎರಡು ಪದರವಾಗುತ್ತದೆ, ಅದೂ ಲಾಭ. ಮಾಡುವವರಿಗೂ ಅನುಕೂಲ: ಒಂದು ದೊಡ್ಡ ಆಳದ ಬದಲು ಎರಡು ಚಿಕ್ಕ ಆಳ.

ಮೂಲ ಕವಚಗಳ ದಪ್ಪ ಎಲ್ಲ ಕಡೆ ಒಂದೇ ಇರಲ್ಲ ಅಂತಾರೆ. ಶೀಟಲ್ಲಿ ಅದನ್ನ ತರೋದು ಹೇಗೆ?

ಪೂರ್ತಿ ತರಲು ಆಗದು. ಅವರು ದಪ್ಪ ಗಟ್ಟಿಯಿಂದ ಶುರು ಮಾಡಿ, ಎದೆಯ ನಡುವೆ ದಪ್ಪ ಉಳಿಸಿ ಪಕ್ಕಕ್ಕೆ ತೆಳ್ಳಗೆ ಎಳೆಯುತ್ತಿದ್ದರು. ಎದೆಯ ಮಧ್ಯೆ ಎರಡು ಮಿ.ಮೀ.ಗಿಂತ ಹೆಚ್ಚಿರುವ ತುಂಡು ಕಂಕುಳ ಕಡೆಗೆ ಅದರ ಅರ್ಧಕ್ಕೆ ಇಳಿದಿರುವುದುಂಟು. ನಾವು ಹೊಂಡದಲ್ಲಿ ಬಡಿದರೆ ಇದರ ಉಲ್ಟಾ ಆಗುತ್ತದೆ. ಅದಕ್ಕೇ ಎದೆಗವಚವನ್ನು ಆದಷ್ಟು ಗೂಟದ ಮೇಲೆ, ಹೊರಗಿನಿಂದ, ಅಂಚುಗಳನ್ನು ಒಳಗೆ ತಂದು ಮಾಡಿ. ನಡುವಿನ ದಪ್ಪವಾದರೂ ಉಳಿಯುತ್ತದೆ.

ಮಂಗಳೂರಲ್ಲಿದ್ದೀನಿ. ಒಂದು ಮಳೆಗಾಲಕ್ಕೇ ತುಕ್ಕು!

ಕರಾವಳಿಯ ಗಾಳಿಗೆ ಹೊಳಪಿನ ಉಕ್ಕು ನಿಲ್ಲುವುದು ಕಷ್ಟವೇ. ಪ್ರತಿ ಸಲ ಮುಟ್ಟಿದ ಮೇಲೆ ಬೆರಳ ಗುರುತು ಒರೆಸಿ. ಹೊಲಿಗೆ ಮಿಷನ್ ಎಣ್ಣೆಯ ತೆಳು ಪದರ, ತುಂಬ ದಿನ ಎತ್ತಿಡುವುದಾದರೆ ಮೇಣ. ಪಟ್ಟಿಗಳ ಅಡಿಯಲ್ಲಿ, ರಿವೆಟ್ ಸುತ್ತ, ಚರ್ಮ ತಾಗುವ ಕಡೆ ಮೊದಲು ತುಕ್ಕು ಹಿಡಿಯುತ್ತದೆ, ಅಲ್ಲಿ ಎಣ್ಣೆ ಇಳಿಯಲಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ, ಒಳಗೆ ಬೆವರುತ್ತದೆ.

ಹಳೇ ಕವಚ ಒಂದನ್ನ ಹಾಗೇ ನಕಲು ಮಾಡ್ಲಾ, ನನ್ನದೇ ಡಿಸೈನ್ ಮಾಡ್ಲಾ?

ಮೊದಲನೆಯದಕ್ಕೆ ನಕಲು ಮಾಡಿ. ಒಂದೇ ಕವಚವನ್ನು ಆರಿಸಿಕೊಳ್ಳಿ. ಕೈ ಇಲ್ಲಿಂದ, ಕಾಲು ಅಲ್ಲಿಂದ ಎಂದು ಬೆರೆಸಬೇಡಿ. ಮ್ಯೂಸಿಯಂನಲ್ಲಿರುವ ಎಷ್ಟೋ ಕವಚಗಳೇ ಬೇರೆ ಬೇರೆ ತುಂಡುಗಳನ್ನು ಸೇರಿಸಿ ನಿಲ್ಲಿಸಿದವು, ಕೆಲವು ಭಾಗಗಳು 19ನೇ ಶತಮಾನದಲ್ಲಿ ಮಾಡಿ ಸೇರಿಸಿದವು. ಆರಿಸುವ ಮುನ್ನ ಮ್ಯೂಸಿಯಂ ಕೊಡುವ ವಿವರದಲ್ಲಿ ಯಾವುದು ಮೂಲ, ಯಾವುದು ದುರಸ್ತಿ ಎಂದು ಓದಿಕೊಳ್ಳಿ. ನಕಲು ಎಂದರೂ ಅಳತೆ ನಿಮ್ಮದೇ ಆಗಿರುತ್ತದೆ. ಹೆಲ್ಮ್‌ಷ್ಮಿಡ್ ಸಿಗಿಸ್ಮಂಡ್‌ನ ಮೈಗೆ ಹಾಕಿದ ಗೆರೆ ನಿಮ್ಮ ಎದೆಯ ಮೇಲೆ ಎಲ್ಲಿ ಹುಟ್ಟಬೇಕು, ಎಲ್ಲಿ ಕರಗಬೇಕು ಎಂದು ಲೆಕ್ಕ ಹಾಕುವಾಗಲೇ ಅವರು ಯಾಕೆ ಹಾಗೆ ಮಾಡಿದರು ಎಂದು ತಿಳಿಯುತ್ತ ಹೋಗುತ್ತದೆ. ಸ್ವಂತ ವಿನ್ಯಾಸಕ್ಕೆ ಕೈ ಹಾಕುವುದು ಅದಾದ ಮೇಲೆ.